ದೊಡ್ಡವ್ವನ ಸಿಂಬಿ

ಪಾತ್ರೆಯಲ್ಲಿದ್ದದ್ದು ಅನ್ನವೋ ಬೇಳೆಯೋ, ಅಂದು ಭಾನುವಾರವೋ ಯಾವುದೋ ರಜೆಯೋ, ಆಣೆಯಿಟ್ಟು ಹೇಳಲಾರೆ. ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುವ ಚಟ ನನ್ನ ನೆನಪಿಗಿದೆ. ಆದರೆ ಭಾಂಡುಪಿನ ಆ ಅಡುಗೆಮನೆಯಲ್ಲಿ ಬಿಸಿ ಪಾತ್ರೆಯ ಕೆಳಗೆ ಸಿಂಬಿ ಇದ್ದದ್ದು ಮಾತ್ರ ನಿಜ: ಹಳೆಯ ಸೀರೆಯನ್ನು ಹೊಸೆದು ಬಳೆಯಂತೆ ಸುತ್ತಿದ್ದು. ಬಾಗಲಕೋಟೆ ಕಡೆಯಿಂದ ಬಂದ ನನ್ನ ದೊಡ್ಡವ್ವ ಈ ಊರಿನ ಎಷ್ಟೋ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತದ್ದು ಅದನ್ನು ತಲೆಗಿಟ್ಟುಕೊಂಡೇ. ಮೊಣಕಾಲು ಕೈಕೊಟ್ಟ ಮೇಲೆ ಅವಳೂ ಸಿಂಬಿಯೂ ಒಟ್ಟಿಗೇ ಅಡುಗೆಮನೆ ಸೇರಿದರು.

ನಾನೋ ಎಂ.ಎ. ಓದಿದವಳು; ತಲೆಯ ಮೇಲೆ ಕನ್ನಡಕಕ್ಕಿಂತ ಭಾರವಾದದ್ದನ್ನು ಹೊತ್ತವಳಲ್ಲ. ಆದರೂ ಇಟ್ಟಿಗೆ ಹೊರುವ ಹೆಂಗಸೊಬ್ಬಳಾಗಿ, ‘ನಾನು’, ‘ನನ್ನ’ ಎನ್ನುತ್ತ ಒಂದು ಕಥೆ ಬರೆದಿದ್ದೆ. ಕಥೆಗಾರರ ಕಸುಬೇ ವಿಚಿತ್ರ ನೋಡಿ. ಲೋಕಲ್ ರೈಲಿನ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ತುದಿಗೆ ಕೂರಲು ‘ಸ್ವಲ್ಪ ಸರೀರಿ’ ಎಂದು ಬೇಡುವ ನಾವು, ಇನ್ನೊಬ್ಬರ ಜೀವದೊಳಗೆ ಕೇಳದೆಯೇ ಕಿಟಕಿ ಪಕ್ಕ ಕೂತುಬಿಡುತ್ತೇವೆ.

ಗೋರೆಗಾಂವ್‌ನ ಕನ್ನಡ ಬಳಗವೊಂದರಲ್ಲಿ ಅದನ್ನು ಓದುವುದಿತ್ತು. ಮೊದಲು ದೊಡ್ಡವ್ವನಿಗೆ ಓದಿದೆ. ನನಗೆ ಬಲು ಹೆಮ್ಮೆಯಿದ್ದ ಭಾಗ ಬಂತು: ಆ ಹೆಂಗಸು ಬುಟ್ಟಿ ಹೊತ್ತು ನಾಲ್ಕನೆಯ ಮಹಡಿಗೆ ಏರುತ್ತ, ಊರಲ್ಲಿ ಬಿಟ್ಟುಬಂದ ಮಗಳನ್ನು ನೆನೆದು, ತಲೆ ತಗ್ಗಿಸಿ ಅಳುತ್ತಾಳೆ.

“ತಡಿ ತಡಿ,” ಎಂದಳು ದೊಡ್ಡವ್ವ. “ತಲಿ ತಗ್ಗಸ್ತಾಳ?”

“ಹೂಂ. ದುಃಖ ಆಗೇತಲ್ಲ.”

“ಅಕೀಗೆ ದುಃಖ ಆಗೇತಿ, ಖರೆ. ಇಟ್ಟಂಗಿಗೆ ಏನ್ ಆಗೇತಿ? ಮುಂದ ಜಾರಿ ಅಕೀ ಕಾಲ ಮ್ಯಾಲೆ ಬೀಳ್ತಾವಲ್ಲ ನನ್ನವ್ವ! ಸಾಲಿ ಕಲ್ತಾಕಿ, ಬಾ ಇಲ್ಲೆ.”

ಪಾತ್ರೆ ಸರಿಸಿ, ಸಿಂಬಿಯನ್ನು ನನ್ನ ತಲೆಗಿಟ್ಟು, ಮೇಲೊಂದು ತುಂಬಿದ ಕೊಡ ಏರಿಸಿದಳು. “ನಾಕನೇ ಮಾಳಿ ಬ್ಯಾಡ, ಬಾಗಲತನ ಹೋಗು. ಹಾಂ, ಈಗ ಅಳು ನೋಡೂಣು.”

ಆರೇ ಹೆಜ್ಜೆ. ಕತ್ತು ಕಂಬವಾಯಿತು, ಕಣ್ಣು ನೇರ ನಿಂತಿತು, ಕಲಿತ ವಿದ್ಯೆಯೆಲ್ಲ ಅಂಗಾಲಿಗಿಳಿಯಿತು. ನನ್ನ ಕಥೆಯ ಅಳು ಕುರ್ಚಿಯಲ್ಲಿ ಕೂತು ಅಳುವವಳದು. ಪರಕಾಯ ಪ್ರವೇಶ ಎಂದು ದೊಡ್ಡದಾಗಿ ಹೇಳುತ್ತೇವೆ. ನಾನು ಹೋಗುವಾಗ ಕುರ್ಚಿಯನ್ನೂ ಎತ್ತಿಕೊಂಡೇ ಹೋಗಿದ್ದೆ.

ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು, ನಾನೂ ನಕ್ಕೆ, ಅರ್ಧ ಕೊಡ ನೆಲಕ್ಕಾಯಿತು. ನೆಲ ಒರೆಸುವಾಗಲಷ್ಟೇ ಹೊಳೆದದ್ದು: ಅವಳು ತಿದ್ದಿದ್ದು ಇಟ್ಟಿಗೆಯನ್ನು; ಮಗಳ ವಿಷಯ ಎತ್ತಲೇ ಇಲ್ಲ. ಆ ಮಗಳು ನನ್ನ ಕಲ್ಪನೆಯಲ್ಲ. ದೊಡ್ಡವ್ವ ಅಜ್ಜಿಯ ಬಳಿ ಬಿಟ್ಟುಬಂದ ಗಂಗಕ್ಕ ಅವಳು.

ಗೋರೆಗಾಂವ್‌ಗೆ ಬೇರೊಂದು ಕಥೆ ಒಯ್ದೆ. ಇಟ್ಟಿಗೆಯವಳ ಕಥೆಯಲ್ಲಿ ಅಳುವನ್ನು ಹೊಡೆದುಹಾಕಿದ ಜಾಗ ಇನ್ನೂ ಖಾಲಿಯೇ ಇದೆ. ಆ ಹೆಂಗಸು ನಾಲ್ಕನೆಯದಕ್ಕೆ ಏರದೆ ಮೂರನೆಯ ಮಹಡಿಯಲ್ಲೇ ತಲೆ ನೆಟ್ಟಗಿಟ್ಟುಕೊಂಡು ನಿಂತಿದ್ದಾಳೆ. ಅಂದು ನೆಲ ಒರೆಸಿದ ಮೇಲೆ ದೊಡ್ಡವ್ವ ಒದ್ದೆ ಸಿಂಬಿಯನ್ನು ಹಿಂಡಿ, ಕಟ್ಟೆಯ ಮೇಲಿಟ್ಟು, ಪಾತ್ರೆ ಅಲುಗಾಡದಂತೆ ಕೂರಿಸುತ್ತಲೇ ಇದ್ದಳು, ನಾನು ಹೀಗೆ ಕೇಳಿದಾಗಲೂ:

“ಹಂಗಾದ್ರ ದೊಡ್ಡವ್ವ, ಮ್ಯಾಲೆ ಹತ್ತುವಾಗ ಗಂಗಕ್ಕನ್ನ ಎಲ್ಲಿ ಇಡತಿದ್ದಿ?”