ಅಕ್ಕ ಕೊಟ್ಟ ವಿಳಾಸ

ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕೆಮ್ಮು ಬಿಡಲಿಲ್ಲ. ಪೆರುಂಗುಡಿಯ ಆಫೀಸಿನ ಎ.ಸಿ.ಯನ್ನು ಬೈದುಕೊಂಡು ತಿಂಗಳುಗಟ್ಟಲೆ ದೂಡಿದೆ. ರವಿಕೆ ತೋಳಲ್ಲಿ ಜೋಲತೊಡಗಿದ ಮೇಲೆ ಕಫದ ಟೆಸ್ಟ್ ಆಯಿತು.

ಟಿ.ಬಿ.

ಮನೆ ಹತ್ತಿರದ ಸರ್ಕಾರಿ ಕ್ಲಿನಿಕ್ಕಿನಲ್ಲಿ ನರ್ಸಮ್ಮನ ಕಣ್ಣೆದುರೇ ಮಾತ್ರೆ ನುಂಗಬೇಕು. ನುಂಗಿ ಆಫೀಸಿಗೆ ಓಡುತ್ತಿದ್ದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಊಟ ಸೇರುತ್ತಿರಲಿಲ್ಲ. ಆದರೂ ಜ್ವರ ಇಳಿಯಿತು. ಅಷ್ಟರಲ್ಲಿ ಆರೋಗ್ಯ ಇಲಾಖೆಯ ವ್ಯಾಪ್ತಿಯನ್ನು ಎರಡಾಗಿ ಹಂಚುವ ಹೊಸ ಕಾನೂನು ಬಂತು. ಕ್ಲಿನಿಕ್ಕು ನಗರದ ಪಾಲಾಯಿತು, ನಮ್ಮ ಬೀದಿ ಜಿಲ್ಲೆಯ ಪಾಲು. ಇನ್ನು ನನಗೆ ಮಾತ್ರೆ ಜಿಲ್ಲೆಯ ಸೆಂಟರಿನಲ್ಲೇ, ಅಲ್ಲಿಗೆ ಎರಡು ಬಸ್ಸು ಹಿಡಿಯಬೇಕು. ಹೋಗಿ ಬರುತ್ತಿದ್ದರೆ ಕೆಲಸ ಉಳಿಯದು. ಮಾತ್ರೆ ನಡುವೆ ನಿಂತರೆ ರೋಗ ಮತ್ತೆ ಬಗ್ಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೆದರಿಸಿದ್ದರು. ಈ ಕಾನೂನು ಬರೆದ ಪುಣ್ಯಾತ್ಮರು ಒಮ್ಮೆಯಾದರೂ ಕೆಮ್ಮಿರಲಿಕ್ಕಿಲ್ಲ.

ನಗರದೊಳಗೆ ಸಂಬಂಧಿಕರಿದ್ದರೆ ಅಲ್ಲೇ ಇದ್ದೀರೆಂದು ಬರೆಸಿ ಎಂದರು ನರ್ಸಮ್ಮ. ಟಿ. ನಗರದಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ.

"ನಮ್ಮನೆ ಅಡ್ರೆಸ್ಸೇ ಕೊಡೇ. ನಾನಿಲ್ವಾ?" ಎಂದಳು.

ವಿಳಾಸ ನಿಜವೇ ಎಂದು ನೋಡಲು ಕ್ಲಿನಿಕ್ಕಿನವರು ಮನೆಗೇ ಹೋಗುತ್ತಾರೆ. ಹೋದರು. ಮುಂದಿನ ಸಲ ನರ್ಸಮ್ಮ ನನ್ನ ಮುಖ ನೋಡಲಿಲ್ಲ.

"ಅಪ್ಪಡಿ ಯಾರುಮೇ ಇಲ್ಲೇನ್ನು ಸೊಲ್ಲಿಟ್ಟಾಂಗಮ್ಮಾ."

ಅಂಥವರು ಯಾರೂ ಇಲ್ಲ. ಹಾಗೆಂದದ್ದು ನನ್ನ ಅಕ್ಕ.

ಫೋನ್ ಮಾಡಿ ಕೇಳಿದರೆ, ಅವತ್ತು ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ.

"ಏನ್ ಮಾಡ್ಲಿ ಕಣೇ, ಎಲ್ರೂ ಕೇಸರಿಬಾತ್ ತಟ್ಟೆ ಹಿಡ್ಕೊಂಡು ಕೂತಿದ್ರು. ಟಿ.ಬಿ. ಅಂತ ಕಿವಿಗೆ ಬಿದ್ರೆ ಎದ್ದು ಹೋಗ್ತಿರಲಿಲ್ವಾ?"

ಕಾನೂನು ಮಾಡಿದವರಿಗೆ ನನ್ನ ಮುಖ ಗೊತ್ತಿಲ್ಲ, ಸರಿ. ಇವಳು ನನಗೆ ತಲೆ ಬಾಚಿ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು.

ಕೆಲಸ ಬಿಟ್ಟೆ. ಎರಡು ಬಸ್ಸು ಹಿಡಿದೆ. ನನ್ನ ಗಂಡ ಅಡುಗೆ ವಹಿಸಿಕೊಂಡರು. ಬಸ್ಸು ತಡವಾದರೂ ಆ ದೂರದ ಸೆಂಟರಿನವರು ಬಾಗಿಲು ಹಾಕದೆ ಕಾಯುತ್ತಿದ್ದರು. ಅವರ ಋಣ ತೀರಿಸಲಾರೆ. ಕೊನೆಗೂ ಕಫದ ರಿಪೋರ್ಟು ನೆಗೆಟಿವ್ ಬಂತು. ಜೋರಾಗಿ ಉಸಿರೆಳೆದರೆ ಈಗಲೂ ಎದೆಯ ಒಂದು ಕಡೆ ಹಿಡಿಯುತ್ತದೆ. ಬದುಕಿದ್ದೇನೆ, ಸಾಕು.

"ಸದ್ಯ! ಇನ್ನು ಧೈರ್ಯವಾಗಿ ಮದುವೆಗೆ ಬಾ" ಎಂದಳು ಅಕ್ಕ.

ಹುಡುಗಿ ನಾನು ಎತ್ತಿ ಆಡಿಸಿದವಳು. ಹೋದೆ. ಛತ್ರದಲ್ಲಿ ಬೀಗಿತ್ತಿ ನನ್ನನ್ನು ತೋರಿಸಿ, "ಇವರು ಯಾರು?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ ನಿಂತಳು. ಅವಳ ಬಾಯಿಂದ ಬರಲಿ ಎಂದು ಸ್ವಲ್ಪ ಕಾದೆ.

"ಹುಡುಗಿ ಚಿಕ್ಕಮ್ಮ. ಇವಳ ತಂಗಿ" ಎಂದು ನಾನೇ ಹೇಳಿದೆ.