ರಂಗಿಗೆ ಬಲಗೈಯಲ್ಲೇ ಹುರುಳಿ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಐವತ್ತರ ದಶಕದಲ್ಲಿ ಗುಂಡಯ್ಯ ಟೈಲರ್ ಗೊತ್ತಿಲ್ಲದವರು ಯಾರಿದ್ದರು ಹೇಳಿ! ಅಮಲ್ದಾರರ ಕೋಟು, ಮೇಷ್ಟ್ರ ಜುಬ್ಬ, ಮದುವೆ ಗಂಡಿನ ಅಂಗಿ, ಎಲ್ಲಾ ಅವನ ಮಿಷನ್ನಿನಲ್ಲೇ ಆಗಬೇಕು. ಅಂಥವನು ವಯಸ್ಸು ನಲವತ್ತರ ಹತ್ತಿರ ಬಂದಾಗ ಅಂಗಡಿಗೆ ಬೀಗ ಜಡಿದು, ದನದ ಆಸ್ಪತ್ರೆಯಲ್ಲಿ ಸಗಣಿ ಬಾಚೋಕೆ ಸೇರಿಕೊಂಡುಬಿಟ್ಟ. ಊರು ಬಿದ್ದು ಬಿದ್ದು ನಕ್ಕಿತು. ನಗಲಿ ಬಿಡಿ, ಊರಿಗೆ ಇನ್ನೇನು ಕೆಲಸ!

ನಗದೇ ಇದ್ದವಳು ಅವನ ತಾಯಿ ಸುಬ್ಬಮ್ಮ ಒಬ್ಬಳೇ. ಬೋರ್ಡಿನ ಮೇಲೆ ಮಗನ ಹೆಸರಿದ್ದರೂ ಅಂಗಡಿಯ ಅರ್ಧ ಮಾನ ಅವಳ ಕೈಲಿತ್ತು. ಅಂಗಿಯ ಗುಂಡಿ ತೂರಿಸುವ ಕಾಜಾಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ಜಗಲಿ ಮೇಲೆ ಕಾಲು ನೀಡಿ ಕೂತರೆ ದಿನಕ್ಕೆ ನಲವತ್ತು ಕಾಜಾ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಐವತ್ತಾರರ ಯುಗಾದಿ ಕಳೆದ ಮೇಲೆ ಲಕ್ವ ಹೊಡೆದು ಆ ಬಲಗೈ ಬಿದ್ದುಹೋಯಿತು. ಕಾಲು ಬಂತು, ಮಾತು ಬಂತು, ಕೈ ಮಾತ್ರ ಬರಲಿಲ್ಲ. ದೊಡ್ಡಾಸ್ಪತ್ರೆಯವರು ಬೆರಳು ಆಡಿಸ್ತಾ ಇರಮ್ಮ ಅಂದರು. ಅವಳು ನಾಚಿಕೆಪಟ್ಟು ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಗುಂಡಯ್ಯ ಬೇರೆಯವರಿಂದ ಕಾಜಾ ಹಾಕಿಸಿ ನೋಡಿದ. ಬಿಗಿಯಾದ ಕಾಜಾ ಕಂಡರೆ ಸಾಕು, ಬ್ಲೇಡಿನಿಂದ ಬಿಚ್ಚಿ ಹೊಲಿದವರ ಮುಂದೆ ಎಸೆಯೋನು. ಯಾರು ತಾನೇ ನಿಂತಾರು?

ಆ ಹೊತ್ತಿಗೆ ಜಟಕಾ ಬೈರಯ್ಯ ತನ್ನ ಗಾಡಿಗೆ ಮೆತ್ತೆ ಹೊಲಿಸೋಕೆ ಬಂದ. ಅಂಗಡಿ ಮುಂದೆ ನಿಂತ ಅವನ ಹೆಣ್ಣುಕುದುರೆ ರಂಗಿಯನ್ನು ನೋಡಿ ಗುಂಡಯ್ಯ ಮಿಷನ್ನು ಬಿಟ್ಟು ಎದ್ದುಬಂದ. ಸತ್ತುಹೋದ ಹಳೇ ಕುದುರೆಯ ಗಾಡಿ ಎಳೆಯೋ ಪಟ್ಟವನ್ನೇ ಇದಕ್ಕೂ ಬಿಗಿದು ಹೆಗಲೆಲ್ಲ ಹುಣ್ಣು.

“ಒಬ್ರ ಅಂಗಿ ಇನ್ನೊಬ್ರಿಗೆ ತೊಡಿಸ್ತಾರೇನಯ್ಯಾ!” ಅಂತ ರೇಗಿ, ಕತ್ತಿನಲ್ಲಿದ್ದ ಟೇಪು ತೆಗೆದು ಕುದುರೆಗೇ ಅಳತೆ ಹಿಡಿದ. ಮೆತ್ತನೆ ಪಟ್ಟ ಹೊಲಿದುಕೊಟ್ಟ. ದಿನಾ ಹೋಗಿ ಬೇವಿನ ನೀರಲ್ಲಿ ಹುಣ್ಣು ತೊಳೆದ. ಯಾರನ್ನೂ ಹತ್ತಿರ ಸೇರಿಸದ ರಂಗಿ ಇವನ ಹೆಗಲ ಮೇಲೆ ಗದ್ದ ಇಟ್ಟು ನಿಲ್ಲುತ್ತಿತ್ತು. ಅದನ್ನು ಕಂಡ ದನದ ಡಾಕ್ಟರು, “ಆಸ್ಪತ್ರೇಲಿ ಅಟೆಂಡರ್ ಜಾಗ ಖಾಲಿ ಇದೆ, ಬರ್ತೀಯೇನಪ್ಪ?” ಅಂದರು.

“ಬತ್ತೀನಿ ಸಾ,” ಅಂದೇಬಿಟ್ಟ ಪುಣ್ಯಾತ್ಮ. ಮುಂದೆ ಬಸ್ಸುಗಳು ಹೆಚ್ಚಿ ಬೈರಯ್ಯ ಜಟಕಾ ಬಿಟ್ಟಾಗ ರಂಗಿಯೂ ಗುಂಡಯ್ಯನ ಹಿತ್ತಲಿಗೇ ಬಂತು.

“ನನ್ ಕೈ ಓಯ್ತು ಅಂತ ತಾನೇ ಅಂಗ್ಡಿ ಮುಚ್ಚಿದ್ದು?” ಸುಬ್ಬಮ್ಮ ಕೇಳಿದಳು.

“ಇಲ್ಲ ಕಣವ್ವ, ಈ ಕೆಲ್ಸ ನಂಗೆ ಇಡಿಸ್ತು.”

ಅವಳು ನಂಬಲಿಲ್ಲ. ಅವನ ಆಸ್ಪತ್ರೆಯ ಖಾಕಿ ಅಂಗಿಯನ್ನು ಮುಟ್ಟಲಿಲ್ಲ, ಕುದುರೆಯ ಕಡೆ ತಿರುಗಿ ನೋಡಲಿಲ್ಲ. ತನ್ನಿಂದಲೇ ಮಗ ಕೆಟ್ಟ ಅನ್ನೋ ಕೊರಗು ಅವಳನ್ನು ತಿನ್ನುತ್ತಿತ್ತು. ಗುಂಡಯ್ಯನಿಗೆ ಗೊತ್ತಿತ್ತು, ಆ ಕೈ ಆಡದ ಹೊರತು ಅವ್ವನ ಮನಸ್ಸು ತಿಳಿಯಾಗೋದಿಲ್ಲ ಅಂತ.

ಮನೆಯಲ್ಲಿ ದಿನಾ ಒಂದೇ ಪಾತ್ರೆಯಲ್ಲಿ ಹುರುಳಿ ಬೇಯುತ್ತಿತ್ತು. ಬಸಿದ ಕಟ್ಟು ಸಾರಿಗೆ, ಬೆಂದ ಕಾಳು ರಂಗಿಗೆ. ಒಂದು ದಿನ ಗುಂಡಯ್ಯ ಹಸುವಿನ ಹೆರಿಗೆಗೆ ಅಂತ ಕಟ್ಟಾಯ ಅನ್ನೋ ಹಳ್ಳಿಗೆ ಹೋದವನು ಬರೋದು ಮಧ್ಯಾಹ್ನ ದಾಟಿತು. ಹಿತ್ತಲ ಬಾಗಿಲಿಗೆ ಬಂದರೆ ಹಸಿದ ರಂಗಿ ಕಾಲು ಕೆರೆಯುತ್ತಿದೆ, ಸುಬ್ಬಮ್ಮ ಬಯ್ಯುತ್ತಿದ್ದಾಳೆ.

“ತಡಿಯೇ! ನಾನೇನು ನಿನ್ ಸಂಬಳದಾಳಾ?”

ಎಡಗೈಯಲ್ಲಿ ಒಂದು ಹಿಡಿ ಹುರುಳಿ ಎತ್ತಿ ಚಾಚಿದಳು. ಚಾಚಿದವಳು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

“ಥೂ, ಎಡಗೈಲಿ ಇಕ್ಕಾದಾ? ನಮ್ಮನೇಲಿ ಯಾರ್ಗೂ ಅಂಗೆ ಕೊಟ್ಟಿಲ್ಲ ಕಣೇ.”

ಕಾಳು ಬೋಗುಣಿಗೆ ಸುರಿದು, ಸೆರಗಿನೊಳಗಿನ ಬಲಗೈಯನ್ನು ಎಡಗೈಯಿಂದ ಎತ್ತಿ ಹೊರಗೆ ತಂದಳು, ನಿದ್ದೆಯಲ್ಲಿರುವ ಮಗುವನ್ನು ಎತ್ತಿದ ಹಾಗೆ. ಅದರ ಮೇಲೆ ಕಾಳು ಹಾಕಿ, ಕೆಳಗಿಂದ ಆನಿಸಿ ಹಿಡಿದಳು. ರಂಗಿ ಅವಸರ ಮಾಡಲಿಲ್ಲ. ಮುದುಡಿದ ಬೆರಳುಗಳ ಸಂದಿಗೆ ತುಟಿ ತೂರಿಸಿ ಬಿಡಿಸಿ ಬಿಡಿಸಿ ಒಂದೊಂದೇ ಕಾಳು ಹೆಕ್ಕಿತು.

“ಅಯ್ಯೋ, ಕಚಗುಳಿ ಕಣೇ!” ಸುಬ್ಬಮ್ಮ ಕಿಲಕಿಲ ನಕ್ಕಳು.

ಎಷ್ಟು ದಿನವಾಗಿತ್ತು ಆ ನಗು ಕೇಳಿ! ಗುಂಡಯ್ಯ ಬಾಗಿಲ ಮರೆಯಲ್ಲೇ ಕಣ್ಣೊರೆಸಿಕೊಂಡು ಸದ್ದಿಲ್ಲದೆ ವಾಪಸ್ಸು ಹೋದ.

ಮಾರನೇ ದಿನದಿಂದ ಅವನಿಗೆ ಮಧ್ಯಾಹ್ನವಾದರೆ ಸಾಕು, ಗೊರೂರಲ್ಲಿ ಕೆಲಸ, ಹಾಸನದಲ್ಲಿ ಕೆಲಸ. ಎಲ್ಲಾ ಬುರುಡೆ! ರಂಗಿಗೆ ಅವ್ವನೇ ಕಾಳು ಇಕ್ಕಲಿ ಅಂತ ಪಕ್ಕದ ಬೀದಿಯ ಹೋಟೆಲಿನಲ್ಲಿ ಕಾಫಿ ಹೀರುತ್ತಾ ಕೂತಿರುತ್ತಿದ್ದ. ಆಮೇಲೆ ಅವ್ವನ ಅಂಗೈ ಅಳತೆಗೆ ಪಟ್ಟಿ ಹೊಲಿದು, ಕುದುರೆ ಮೈ ತಿಕ್ಕೋಕೆ ಕೈಯಿಂದ ಜಾರಿ ಬೀಳದಂಥ ಬ್ರಷ್ಷು ಮಾಡಿ ಹಿತ್ತಲ ಹೊಂಗೆ ಮರದ ಕವಲಿಗೆ ನೇತುಹಾಕಿದ. ಒಂದು ವಾರ ಅದು ನೇತಾಡಿತು. ಎಂಟನೇ ದಿನ ರಂಗಿಯ ಬೆನ್ನು ಮಿಂಚುತ್ತಿತ್ತು.

ರಂಗಿಗೆ ಕಾಳು ಇಕ್ಕಿ ಇಕ್ಕಿ ಸುಬ್ಬಮ್ಮನ ಕೈ ಆಡೋಕೆ ಶುರುವಾಯಿತು ಅನ್ನೋ ಸುದ್ದಿ ಹಬ್ಬಿತು. ಅರಕಲಗೂಡಿಂದ ತೋಳು ಸೋತ ಮಾದಮ್ಮ ಬಸ್ಸು ಹತ್ತಿ ಬಂದಳು. ಚನ್ನರಾಯಪಟ್ಟಣದಿಂದಲೂ ಒಬ್ಬಿಬ್ಬರು ಬಂದರು. ಎಲ್ಲರಿಗೂ ಸುಬ್ಬಮ್ಮನದೇ ದರ್ಬಾರು.

“ಎಡಗೈಲಿ ಕೊಟ್ಟೀಯ, ಜೋಕೆ! ನಮ್ ರಂಗಿ ಮರ್ವಾದಸ್ತೆ.”

ಕೆಲವರಿಗೆ ಗುಣ ಕಂಡಿತು, ಕೆಲವರಿಗೆ ಇಲ್ಲ. ಆದರೆ ಮುಖ ಗಂಟಿಕ್ಕಿಕೊಂಡು ವಾಪಸ್ಸು ಹೋದವರಿಲ್ಲ. “ಏನಯ್ಯಾ ನಿನ್ನ ವೈದ್ಯ?” ಅಂತ ಡಾಕ್ಟರು ಚುಡಾಯಿಸಿದರೆ, “ನಂದೇನೂ ಇಲ್ಲ ಸಾ, ರಂಗೀಗೂ ನಮ್ಮವ್ವಂಗೂ ಬುಟ್ಟಿವ್ನಿ,” ಅನ್ನುತ್ತಿದ್ದ.

ಅರವತ್ತನೇ ಇಸವಿಯ ಒಂದು ಬೆಳಿಗ್ಗೆ. ಗುಂಡಯ್ಯ ಡ್ಯೂಟಿಗೆ ಹೊರಡಲು ಖಾಕಿ ಅಂಗಿ ತೊಟ್ಟ. ಮೇಲಿನ ಕಾಜಾ ಎಷ್ಟೋ ತಿಂಗಳಿಂದ ಹರಿದು ಬಾಯಿಬಿಟ್ಟಿತ್ತು. ಇವತ್ತು ಅದಕ್ಕೆ ಹೊಸ ಹೊಲಿಗೆ ಬಿದ್ದಿದೆ! ದಾರ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಸೊಟ್ಟ ಬೇರೆ. ಗುಂಡಿ ತೂರಿಸೋಕೆ ನೋಡಿದ, ಹೋಗಲಿಲ್ಲ. ಕಾಜಾ ಬಿಗಿಯಾಗಿತ್ತು.

ಹಳೇ ಅಭ್ಯಾಸ ನೋಡಿ, ಕೈ ತಾನಾಗೇ ಗೂಡಿನಲ್ಲಿದ್ದ ಬ್ಲೇಡಿಗೆ ಹೋಯಿತು. ತೆಗೆದುಕೊಂಡ. ಕಾಜಾ ಮುಟ್ಟಲಿಲ್ಲ. ಗುಂಡಿಯನ್ನೇ ಕಿತ್ತು, ಅಂಗಡಿಯ ಹಳೇ ಡಬ್ಬಿ ಕೆದಕಿ ಸಣ್ಣದೊಂದು ಗುಂಡಿ ಹುಡುಕಿ ಹೊಲಿದುಕೊಂಡ.

ಹಿತ್ತಲಿಗೆ ಹೋದರೆ ಸುಬ್ಬಮ್ಮ ರಂಗಿಯ ಬೆನ್ನು ತಿಕ್ಕುತ್ತಿದ್ದಳು. ಅವಳು ತಿರುಗಿ ನೋಡಲಿಲ್ಲ.

“ಎಂಗೈತ್ಲಾ?”

“ಸರಿಯಾಗಿ ಕೂತದೆ ಕಣವ್ವ.”

“ಉಂ. ಓಗು ಮತ್ತೆ, ಆಸ್ಪತ್ರೆಗೆ ಒತ್ತಾಯ್ತು.”