ನಮ್ಮ ಕ್ಯಾಪ್ಟನ್ನಿನ ನಿಲುವು

ಎಷ್ಟೇ ಜೋರಾಗಿ ಓಡಿದರೂ ಅವಳ ತಲೆ ಕುಲುಕುತ್ತಿರಲಿಲ್ಲ. ತುಂಬಿದ ಬಿಂದಿಗೆ ಹೊತ್ತವಳ ಹಾಗೆ ಬೆನ್ನು ನೆಟ್ಟಗೆ. ಕೆಳಗೆ ಕಾಲುಗಳು ಮಾತ್ರ ಗಿರಗಿರ. ಯಲಹಂಕದ ನಮ್ಮ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ಕ್ಯಾಪ್ಟನ್. ಗೋಲು ಹೊಡೆಯುವ ಮುಂದಿನ ಜಾಗವೂ ಅವಳದೇ. ನನಗೆ ಬೇಕಿದ್ದದ್ದು ಅದೊಂದೇ ಜಾಗ. ಕೋಚ್ ನನ್ನನ್ನು ಬಲಗಡೆಯ ಅಂಚಿಗೆ ಹಾಕಿದ್ದರು.

ಪ್ರಾಕ್ಟೀಸ್ ಮುಗಿದು ನಾವೆಲ್ಲ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರೆ ಅವಳು ಎಲ್ಲರ ಬಾಟಲಿಗೂ ನೀರು ತುಂಬಿಸಿ ತರುತ್ತಿದ್ದಳು. ನಾಟಕ ಆಡ್ತಾಳೆ ಅಂದುಕೊಳ್ಳುತ್ತಿದ್ದೆ.

ನನ್ನ ಎಡತೊಡೆಯ ಹಿಂಭಾಗದ ಸ್ನಾಯು ಮತ್ತೆ ಮತ್ತೆ ಹರಿಯುತ್ತಿತ್ತು. ವಾಸಿಯಾಗಿ ಬಂದು ನಾಲ್ಕು ಪಂದ್ಯ ಆಡುವಷ್ಟರಲ್ಲಿ ಮತ್ತೆ ಅದೇ ಜಾಗ. ಒಂದು ಸಂಜೆ ಹಾಗೆ ಬಿದ್ದು ಅಳುತ್ತಿದ್ದಾಗ ಅವಳು ಪಕ್ಕ ಕೂತಳು.

"ಬೇಜಾರ್ ಮಾಡ್ಕೋಬೇಡ ಕಣೇ. ನೀನು ನಿಂತ್ಕೊಳ್ಳೋದೇ ಸರಿ ಇಲ್ಲ. ಹೊಟ್ಟೆ ಮುಂದೆ, ಹಿಂದೆ ಬೆನ್ನಲ್ಲಿ ಹಳ್ಳ."

ಮೈಯೆಲ್ಲ ಉರಿದುಹೋಯಿತು. ನಿಲ್ಲುವುದನ್ನೂ ಇವಳಿಂದ ಕಲಿಯಬೇಕೇ?

ಅವಳು ಬಿಡಲಿಲ್ಲ. ಆರ್.ಟಿ. ನಗರದ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಎಳೆದುಕೊಂಡು ಹೋದಳು. ಅವರು ನನ್ನ ಸೊಂಟದ ಮೂಳೆಗಳ ಮೇಲೆ ಬೆರಳಿಟ್ಟು ನೋಡಿ, "ಸೊಂಟ ಮುಂದಕ್ಕೆ ವಾಲಿದೆ. ಹಾಗಾಗಿ ತೊಡೆ ಹಿಂದಿನ ಸ್ನಾಯು ಸುಮ್ಮನೆ ನಿಂತಾಗ್ಲೂ ಎಳ್ಕೊಂಡೇ ಇರುತ್ತೆ. ಜೋರಾಗಿ ಓಡಿದ್ರೆ ತಡ್ಕೊಳ್ಳಲ್ಲ. ಇದೊಂದೇ ಕಾರಣ ಅನ್ನಲ್ಲ, ಆದ್ರೆ ಇದನ್ನ ಬಿಟ್ಟು ಬರೀ ತೊಡೆ ನೋಡಿದ್ರೆ ಆಗಲ್ಲ" ಎಂದರು.

ಕ್ಯಾಪ್ಟನ್ ಗೆದ್ದಳು. ಅದೇ ನನಗೆ ಹೆಚ್ಚು ನೋವು.

ಅಲ್ಲಿಂದ ದಿನಾ ಬೆಳಿಗ್ಗೆ ಯಲಹಂಕದ ಪಕ್ಕದ ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದು, ನನ್ನ ಪಕ್ಕ ಚಾಪೆ ಹಾಸಿಕೊಂಡು, ಮಲಗಿ ಸೊಂಟ ಎತ್ತುವ ವ್ಯಾಯಾಮ ಮಾಡಿಸುತ್ತಿದ್ದಳು. "ಹೊಟ್ಟೆ ಬಿಗಿ ಹಿಡಿ, ಉಸಿರು ಬಿಡು" ಎಂಬುದೇ ಅವಳ ಮಂತ್ರ. ಅಮ್ಮ ಅವಳಿಗೆ ತುಪ್ಪ ಹಾಕಿ ದೋಸೆ ಕೊಡುವಳು. "ಎಷ್ಟು ಚೆನ್ನಾಗಿ ನಿಂತ್ಕೋತಾಳೆ ನೋಡು" ಎನ್ನುವಳು. ನಾನು ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ವಾಸಿಯಾದ ಮೇಲೆ ಆ ವರ್ಷ ನಾನು ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ನಾನು ಕೊಟ್ಟ ಪಾಸ್‌ಗಳಿಗೆ ಅವಳು ಗೋಲು ಹೊಡೆದಳು. ಜನ ಕೂಗಿದ್ದು ಅವಳ ಹೆಸರನ್ನೇ.

ಮರುವರ್ಷ ಎದುರಾಳಿಯೊಬ್ಬಳು ಅಡ್ಡ ಜಾರಿ ಬಂದು ಅವಳ ಮಂಡಿಗೆ ಗುದ್ದಿದಳು. ಒಳಗೆ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ತುಂಡಾಗಿತ್ತು. ಅಷ್ಟು ಚೆಂದದ ನಿಲುವು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಆಪರೇಷನ್ ಆದ ಮೇಲೆ ಹೆಬ್ಬಾಳದ ಅವಳ ಮನೆಗೆ ನೋಡಲು ಹೋದೆ. ದಿಂಬಿನ ಮೇಲೆ ಕಾಲಿಟ್ಟುಕೊಂಡು ನಗುತ್ತಿದ್ದಳು.

"ನಾನಿನ್ನು ಆಡೋದು ಡೌಟು ಕಣೇ. ಕೋಚ್‌ಗೆ ಹೇಳಿದೀನಿ, ನನ್ನ ಜಾಗದಲ್ಲಿ ನೀನೇ ಆಡ್ಬೇಕು ಅಂತ."

ಇವತ್ತಿಗೂ ಅವಳ ಜಾಗದಲ್ಲೇ ಆಡುತ್ತಿದ್ದೇನೆ, ತೊಡೆ ಗಟ್ಟಿಯಾಗಿದೆ. ಆದರೆ ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಹಿಂದೆಂದಿಗಿಂತ ಹೆಚ್ಚು ಹೊಟ್ಟೆ ಉರಿಯಿತು. ಆ ಹಾಸಿಗೆಯಲ್ಲಿ ನಾನಿದ್ದಿದ್ದರೆ, ಹಾಗೆ ನಗುತ್ತಾ ನನ್ನ ಜಾಗವನ್ನು ಅವಳಿಗೆ ಕೊಡುತ್ತಿರಲಿಲ್ಲ.